ನಡುವಿನ ಏತ

ಜಾದ್ ತನ್ನ ಗುದ್ದಲಿಯನ್ನು ತನ್ನ ಕಾಲಿಗೇ ಹಾಕಿಕೊಂಡದ್ದು ಬೇಸಗೆಯ ಜೋಳ ಮೊಣಕಾಲೆತ್ತರ ಬಂದಿದ್ದ ಹೊತ್ತಿನಲ್ಲಿ. ನೈಲ್ ನದಿ ಆಗ ದಂಡೆ ಬಿಟ್ಟು ಎಷ್ಟೋ ಕೆಳಗಿಳಿದು, ಅಲ್ಲಲ್ಲಿ ಮರಳಿನ ಬೆನ್ನು ತೋರಿಸುತ್ತಾ ಸೋಮಾರಿಯಾಗಿ ಮಲಗಿತ್ತು. ಅಂಥ ದಿನಗಳಲ್ಲಿ ನೀರು ಹೊಲಕ್ಕೆ ಏರಬೇಕಾದರೆ ಒಂದರ ತಲೆಯ ಮೇಲೊಂದರಂತೆ ಮೂರು ಏತ ಬೇಕು. ಕೆಳಗಿನವನು ನದಿಯಿಂದ ಎತ್ತಿ ಮೊದಲ ಗುಂಡಿಗೆ ಸುರಿಯಬೇಕು, ನಡುವಿನವನು ಆ ಗುಂಡಿಯಿಂದ ಎತ್ತಿ ಮೇಲಿನ ಗುಂಡಿಗೆ, ಮೇಲಿನವನು ಅಲ್ಲಿಂದ ಕಾಲುವೆಗೆ. ಮೂವರಲ್ಲಿ ಒಬ್ಬ ಕೈಬಿಟ್ಟರೂ ಮುಗಿಯಿತು. ಉಳಿದಿಬ್ಬರು ಎಷ್ಟು ಬೆವರು ಸುರಿಸಿದರೂ ಜೋಳದ ಬುಡಕ್ಕೆ ಹನಿ ನೀರು ಮುಟ್ಟುವುದಿಲ್ಲ.

ಆಳು ಜಾದ್ ನಡುವಿನವನು.

ಅವನ ಪಾದಕ್ಕೆ ಸುಟ್ಟ ಈರುಳ್ಳಿ ಇಟ್ಟು ಬಟ್ಟೆ ಸುತ್ತಿ, ಅವನನ್ನು ಕತ್ತೆಯ ಮೇಲೆ ಮನೆಗೆ ಕಳಿಸಿ, ಹೊಲದೊಡತಿ ಶಲಬಿಯಾ ದಂಡೆಗೆ ಬಂದು ನೋಡಿದಳು. ಮೇಲಿನ ಏತದ ಹತ್ತಿರ ಅವಳ ಗಂಡ ಬಿಶಾರಿ ಹೊಲದ ಕಡೆ ಮುಖ ಮಾಡಿ ಕುಳಿತಿದ್ದ. ಕೆಳಗಿನ ಏತದ ಹತ್ತಿರ ಅವಳ ತಮ್ಮ ಖಲಾಫ್ ನದಿಯ ಕಡೆ ಮುಖ ಮಾಡಿ ನಿಂತಿದ್ದ. ಬೆನ್ನಿಗೆ ಬೆನ್ನು ತಿರುಗಿಸಿ ಇಬ್ಬರೂ. ನಡುವೆ ಜಾದನ ಏತ ತನ್ನ ತೊಗಲಿನ ಬಾನಿಯನ್ನು ಜೋತುಬಿಟ್ಟುಕೊಂಡು ಗಾಳಿಗೆ ಕಿರ್ರೆನ್ನುತ್ತಿತ್ತು.

"ಈಗೇನು ಮಾಡೋದು?" ಅಂದಳು ಶಲಬಿಯಾ.

ಇಬ್ಬರೂ ಬಾಯಿ ಬಿಡಲಿಲ್ಲ. ತಾನು ಮೊದಲು ಮಾತಾಡಿದರೆ ಇನ್ನೊಬ್ಬನಿಗೆ ಉತ್ತರ ಕೊಟ್ಟ ಹಾಗಾಗುತ್ತದೆ ಎಂಬ ಹೆದರಿಕೆ ಇಬ್ಬರಿಗೂ.

ಭಾವ ಭಾಮೈದ ಮಾತು ಬಿಟ್ಟು ನಾಲ್ಕು ವರ್ಷವಾಗಿತ್ತು. ಕಾರಣ ಒಂದು ಖರ್ಜೂರದ ಮರ. ಖಲಾಫ್ ಹುಟ್ಟಿದ ವರ್ಷ ಅವನ ತಾಯಿ ನೆಟ್ಟದ್ದು. ಅಕ್ಕನ ಮನೆಗೂ ತಮ್ಮನ ಮನೆಗೂ ನಡುವೆ ನಿಂತಿತ್ತು. ಜಗಳದ ವರ್ಷ ಪ್ರವಾಹ ಜೋರಾಗಿ, ಊರಿನ ಹರೆಯದ ಗಂಡಸರನ್ನೆಲ್ಲ ಒಡ್ಡು ಕಾಯಲು ಕರೆದೊಯ್ದಿದ್ದರು, ಖಲಾಫನೂ ಹೋಗಿದ್ದ. ಅವನು ಹಿಂದಿರುಗುವ ಹೊತ್ತಿಗೆ ಮರ ಇರಲಿಲ್ಲ. ಬಿಶಾರಿ ಅದನ್ನು ಬುಡಸಮೇತ ಕಡಿದು, ಸೀಳಿ, ತನ್ನ ಮನೆಯ ಮಾಡಿಗೆ ತೊಲೆ ಹಾಕಿಬಿಟ್ಟಿದ್ದ. ಖಲಾಫ್ ಅಂಗಳದಲ್ಲಿ ನಿಂತು ಹೆಂಗಸರು ಮಕ್ಕಳ ಎದುರಿಗೆ ಭಾವನನ್ನು ಕಳ್ಳ ಅಂದ. ಅಂದಿನಿಂದ ಖಲಾಫನ ಬಾಯಲ್ಲಿ ಬಿಶಾರಿ "ಆ ಮನುಷ್ಯ", ಬಿಶಾರಿಯ ಬಾಯಲ್ಲಿ ಖಲಾಫ್ "ಅವನು".

ಹಾಗಂತ ಬೇರೆಯಾಗುವ ಹಾಗೂ ಇರಲಿಲ್ಲ. ಅಪ್ಪ ಬಿಟ್ಟುಹೋದ ಹೊಲ ಅಕ್ಕನಿಗಿಷ್ಟು ತಮ್ಮನಿಗಿಷ್ಟು ಎಂದು ಬದುವಿನಿಂದ ಭಾಗವಾಗಿತ್ತೇ ಹೊರತು ನೀರಿಗೆ ದಾರಿ ಒಂದೇ. ಮುಖ ನೋಡದಿದ್ದರೂ ಬೆಳಗ್ಗೆ ಎದ್ದು ಒಬ್ಬ ಎತ್ತಿದ ನೀರನ್ನು ಇನ್ನೊಬ್ಬ ಎತ್ತಲೇಬೇಕು. ನಡುವೆ ನಿಲ್ಲುತ್ತಿದ್ದ ಜಾದ್ ನೀರನ್ನು ದಾಟಿಸುವ ಹಾಗೆಯೇ ಇಬ್ಬರ ಮಾತನ್ನೂ ದಾಟಿಸುತ್ತಿದ್ದ. ಬಲು ನಿಯತ್ತಿನ ಆಳು. ಕೆಳಗಿನವನು "ಕತ್ತೆ" ಅಂದರೆ ಮೇಲಕ್ಕೆ "ಕತ್ತೆ" ಎಂದೇ ತಲುಪಿಸುತ್ತಿದ್ದ, ಒಂದು ಅಕ್ಷರ ಹೆಚ್ಚಿಲ್ಲ, ಕಡಿಮೆಯಿಲ್ಲ. ಜಗಳ ಇಷ್ಟು ವರ್ಷ ಬಾಡದೆ ಹಸಿರಾಗಿ ಉಳಿದದ್ದಕ್ಕೆ ಅವನ ನಿಯತ್ತೂ ಒಂದು ಕಾರಣ ಎಂದು ಶಲಬಿಯಾಳಿಗೆ ಅನುಮಾನ.

ಅವಳು ಜೋಳದ ಕಡೆ ನೋಡಿದಳು. ಎಲೆಗಳು ಬಿಸಿಲಿಗೆ ಸುರುಳಿ ಸುತ್ತಿಕೊಂಡಿದ್ದವು. ಕರಿ ಉಡುಪಿನ ಅಂಚನ್ನು ಎತ್ತಿ ಸೊಂಟಕ್ಕೆ ಬಿಗಿದಳು, ತಲೆವಸ್ತ್ರವನ್ನು ಹಿಂದಕ್ಕೆ ಗಂಟು ಹಾಕಿದಳು, ನಡುವಿನ ಮೆಟ್ಟಿಲಿಗೆ ಇಳಿದು ಏತದ ಗಳು ಹಿಡಿದಳು.

"ಏ ಇವಳೇ, ಏನು ಮಾಡ್ತಿದೀಯ?" ಮೇಲಿನಿಂದ ಬಿಶಾರಿ ಕೂಗಿದ.

"ಅಕ್ಕ, ಬಿಡು, ಜನ ನೋಡಿದ್ರೆ ಏನಂತಾರೆ!" ಕೆಳಗಿನಿಂದ ಖಲಾಫ್ ಕೂಗಿದ.

"ನೋಡಿ, ಇಬ್ಬರೂ ಒಂದೇ ಮಾತು ಆಡ್ತಿದೀರಿ," ಅಂದಳು ಶಲಬಿಯಾ. "ಒಣಗಿದ ಜೋಳ ನೋಡಿದ್ರೆ ಜನ ಏನಂತಾರೆ? ಎತ್ತು, ಖಲಾಫ್."

ಹುಡುಗಿಯಾಗಿದ್ದಾಗ ಅವಳು ಅಪ್ಪನ ಜೊತೆ ಏತ ಎತ್ತಿದ್ದಳು. ಖಲಾಫ್ ಆಗ ತೊಟ್ಟಿಲ ಕೂಸು. ಅಪ್ಪನಿಗೆ ಬೇರೆ ಕೈ ಇರಲಿಲ್ಲ. ಆ ಕೆಲಸವನ್ನು ಅವಳ ಕೈ ಇನ್ನೂ ಮರೆತಿರಲಿಲ್ಲ. ತೋಳಿನ ಬಲದಿಂದ ಎಳೆಯಬಾರದು, ಇಡೀ ಮೈಯ ತೂಕ ಹಾಕಿ ಗಳುವಿನ ಜೊತೆ ಬಗ್ಗಬೇಕು. ಬಾನಿ ತುಂಬಿತೆಂದು ಕೈಗೆ ತಿಳಿದ ಕ್ಷಣ ಬಿಡಬೇಕು. ಆಚೆ ತುದಿಗೆ ಮೆತ್ತಿದ ಒಣಮಣ್ಣಿನ ಮುದ್ದೆ ತಾನಾಗಿ ಕೆಳಗೆ ಕೂರುತ್ತದೆ, ನೀರು ತಾನಾಗಿ ಮೇಲೆ ಬರುತ್ತದೆ. ಮೊದಲು ಸ್ವಲ್ಪ ಚೆಲ್ಲಿತು. ಆಮೇಲೆ ಚೆಲ್ಲಲಿಲ್ಲ. ಹೊತ್ತು ಏರುವಷ್ಟರಲ್ಲಿ ಮೂರು ಏತಗಳೂ ಒಂದೇ ಲಯಕ್ಕೆ ಬಂದು, ಒಂದು ಬಗ್ಗಿದಾಗ ಒಂದು ಏಳುತ್ತಾ, ಕಾಲುವೆಯಲ್ಲಿ ನೀರು ನಾಲಗೆ ಚಾಚಿ ಮುಂದೆ ಸರಿಯಿತು.

ಕೊಡ ತುಂಬಿಕೊಂಡು ಹೊರಟಿದ್ದ ನೆರೆಮನೆಯ ಬಹಿಯಾ ಹೆಜ್ಜೆ ನಿಲ್ಲಿಸಿ ಬಾಯಿ ಮೇಲೆ ಕೈಯಿಟ್ಟಳು. "ಏನೇ ಶಲಬಿಯಾ, ಮನೇಲಿ ಇಬ್ಬರು ಗಂಡಸರಿದ್ದದ್ದು ಸಾಲದೂಂತ ನೀನೊಬ್ಬಳು ಮೂರನೆಯವನಾದ್ಯಾ?"

"ಇಬ್ಬರು ಎಲ್ಲಿದಾರೆ ಬಹಿಯಾ? ಕೆಳಗೊಂದು ಕೋಪ ನಿಂತಿದೆ, ಮೇಲೊಂದು ಕೋಪ ನಿಂತಿದೆ. ಮನುಷ್ಯರು ಅಂತ ಇರೋದು ನಾನೊಬ್ಬಳೇ."

ಬಹಿಯಾ ನಕ್ಕ ನಗುವಿಗೆ ತಲೆಯ ಮೇಲಿನ ಕೊಡ ಅಲುಗಾಡಿ ನೀರು ಕುತ್ತಿಗೆಗೆ ಇಳಿಯಿತು. ಸಂಜೆಯೊಳಗೆ ಆ ಮಾತು ಊರೆಲ್ಲ ಸುತ್ತಿ ಬಂತು. ಆಮೇಲೆ ಯಾರೂ ಶಲಬಿಯಾಳನ್ನು ಕೆಣಕಲು ಬರಲಿಲ್ಲ.

ಮಾತು ದಾಟಿಸುವ ಕೆಲಸ ಮರುದಿನ ಬೆಳಗ್ಗೆ ಶುರುವಾಯಿತು.

"ಅಕ್ಕ," ಅಂದ ಖಲಾಫ್, ಬಾನಿ ಸುರಿಯುತ್ತಾ. "ಆ ಮನುಷ್ಯನಿಗೆ ಹೇಳು. ಎಮ್ಮೆ ಬಾಲ ಆಡಿಸೋ ಹಾಗೆ ಎತ್ತಿದ್ರೆ ನನ್ನ ಮಡಿಗೆ ನೀರು ಬರೋದು ಮುಂದಿನ ಪ್ರವಾಹಕ್ಕೇ."

ಮೂರು ಏತಗಳ ನಡುವೆ ಎಷ್ಟು ದೂರ ಮಹಾ? ಕೆಮ್ಮಿದರೆ ಕೇಳಿಸುತ್ತದೆ. ಬಿಶಾರಿಗೆ ಎಲ್ಲವೂ ಕೇಳಿಸಿತ್ತು. ಅವನ ಕಿವಿ ಕೆಂಪಾದದ್ದು ಶಲಬಿಯಾಳಿಗೆ ಕೆಳಗಿನಿಂದಲೇ ಕಾಣುತ್ತಿತ್ತು. ಆದರೂ ಅವನು ಕೇಳಿಸದವನಂತೆ ಹೆಂಡತಿಯ ಕಡೆ ನೋಡಿ, ದಾಟಿಸಲಿ ಎಂದು ಕಾಯುತ್ತಾ ನಿಂತ. ನಾಲ್ಕು ವರ್ಷದಿಂದ ನಡೆದು ಬಂದ ಪದ್ಧತಿ ಅದು.

ಶಲಬಿಯಾ ಗಳು ಹಿಡಿದೇ ತಲೆಯೆತ್ತಿದಳು. ಬಾಯಿ ತೆರೆಯುವವರೆಗೂ ಅವಳಿಗೆ ತಾನು ಏನು ಹೇಳುತ್ತೇನೆಂದು ಗೊತ್ತಿರಲಿಲ್ಲ.

"ರೀ, ಖಲಾಫ್ ಹೇಳ್ತಾನೆ, ಭಾವ ಬೆಳಗಿನಿಂದ ದಣಿದಿದಾರೆ, ಸ್ವಲ್ಪ ಕೂತು ಸುಧಾರಿಸ್ಕೊಳ್ಳಲಿ ಅಂತ."

ಮೇಲಿನ ಏತ ಅರ್ಧದಲ್ಲಿ ನಿಂತಿತು. ಕೆಳಗಿನದೂ ನಿಂತಿತು. ಖಲಾಫನ ಬಾಯಿ ತೆರೆದದ್ದು ತೆರೆದ ಹಾಗೇ ಇತ್ತು. ನಾನು ಹಾಗೆ ಹೇಳಲಿಲ್ಲ ಅನ್ನೋಣವೆಂದರೆ ಅದನ್ನು ಯಾರಿಗೆ ಹೇಳುವುದು? ಭಾವನಿಗೇ ಹೇಳಬೇಕು. ಅವನು ಹಾಗೆ ಹೇಳಲಿಲ್ಲ, ನಾನೇ ಕೇಳಿಸಿಕೊಂಡೆ ಎಂದು ಬಿಶಾರಿ ಅನ್ನೋಣವೆಂದರೆ, ಇಷ್ಟು ವರ್ಷ ಅವನ ಮಾತಿಗೆಲ್ಲ ಕಿವಿ ಕೊಟ್ಟುಕೊಂಡೇ ಇದ್ದೆ ಎಂದು ಒಪ್ಪಿಕೊಂಡ ಹಾಗೆ.

ಬಿಶಾರಿ ಗಂಟಲು ಸರಿಮಾಡಿಕೊಂಡ. "ಸುಧಾರಿಸ್ಕೊಳ್ಳೋಕೆ ನಾನೇನು ಹಣ್ಣು ಮುದುಕನಾ ಅಂತ ಕೇಳು ಅವನನ್ನ."

"ಖಲಾಫ್, ನಿನ್ನ ಭಾವ ಹೇಳ್ತಾರೆ, ನೀನು ವಿಚಾರಿಸಿದ್ದೇ ಸಾಕಂತೆ, ಹೊಟ್ಟೆ ತಣ್ಣಗಾಯ್ತಂತೆ."

ಖಲಾಫ್ ಅಕ್ಕನನ್ನು ನೋಡಿದ, ನದಿಯನ್ನು ನೋಡಿದ, ಮತ್ತೆ ಅಕ್ಕನನ್ನು ನೋಡಿದ. ಕೊನೆಗೆ ಗಳುವನ್ನು ಸಿಟ್ಟಿನಿಂದ ಎಳೆದ. ಬಾನಿ ಎಂದಿಗಿಂತ ಜಾಸ್ತಿ ನೀರು ತಂದಿತು.

ಅವತ್ತು ಮಧ್ಯಾಹ್ನ ಶಲಬಿಯಾ ರೊಟ್ಟಿ ತಟ್ಟುತ್ತಾ ತನ್ನಷ್ಟಕ್ಕೆ ತಾನೇ ನಕ್ಕಳು. ತಪ್ಪೋ ಸರಿಯೋ ಅವಳಿಗೆ ಗೊತ್ತಿರಲಿಲ್ಲ, ಆದರೆ ಬಲು ರುಚಿಯಾದ ಕೆಲಸ. ಇಷ್ಟು ವರ್ಷ ಅವಳು ಎರಡೂ ಕಡೆಯ ದೂರು ಕೇಳಿ ಕೇಳಿ ಸೋತಿದ್ದಳು. ತಮ್ಮನ ಮನೆಗೆ ಹೋದರೆ ಗಂಡನ ಮೇಲೆ, ಗಂಡನ ಹತ್ತಿರ ಕೂತರೆ ತಮ್ಮನ ಮೇಲೆ. ಹಬ್ಬದ ದಿನ ಎರಡು ಮನೆಯಲ್ಲೂ ಉಂಡು ಹೊಟ್ಟೆ ಕೆಡಿಸಿಕೊಳ್ಳುತ್ತಿದ್ದಳು. ಈಗ ಮೊದಲ ಸಲ ಅವಳ ಕೈಯಲ್ಲೂ ಏನೋ ಇತ್ತು.

ದಿನ ಕಳೆದಂತೆ ಅವಳಿಗೆ ಧೈರ್ಯ ಬಂತು. ಮನೆಯಿಂದ ಹಾಲೊಡೆದು ಉಪ್ಪಿನಲ್ಲಿ ಮಾಗಿಸಿದ ಹಳೆಯ ಗಿಣ್ಣದ ಬಟ್ಟಲನ್ನೂ ಮೆಂತ್ಯದ ರೊಟ್ಟಿಯನ್ನೂ ಗಂಟು ಕಟ್ಟಿ ತಂದು, "ನಿನ್ನ ಭಾವ ಕಳಿಸಿದಾರೆ, ನಿನಗೆ ಈ ಗಿಣ್ಣ ಇಷ್ಟ ಅಂತ ನೆನಪಿಟ್ಟಿದಾರೆ," ಎಂದು ತಮ್ಮನ ಮುಂದಿಟ್ಟಳು. ಮೇಲೆ ಬಿಶಾರಿ ತನ್ನ ಗಿಣ್ಣ ಹೀಗೆ ತನ್ನ ಹೆಸರಲ್ಲೇ ಕೈಬಿಟ್ಟು ಹೋಗುವುದನ್ನು ನೋಡುತ್ತಾ ನಿಂತ. ಬೇಡ ಅನ್ನುವ ಹಾಗಿರಲಿಲ್ಲ. ಖಲಾಫ್ ಮೊದಲು ಮುಟ್ಟಲಿಲ್ಲ. ಆಮೇಲೆ ಬೆರಳಲ್ಲಿ ನೆಕ್ಕಿದ. ಆಮೇಲೆ ಬಟ್ಟಲು ಬರಿದಾಯಿತು.

ಮರುದಿನ ಖಲಾಫನ ಮನೆಯ ಎರಡು ಪಾರಿವಾಳಗಳು ಕಾಲು ಕಟ್ಟಿಸಿಕೊಂಡು ನಡುವಿನ ಏತದ ಹತ್ತಿರ ಬಂದು ಕೂತಿದ್ದವು. ಇದು ಮಾತ್ರ ಶಲಬಿಯಾ ಕಟ್ಟಿದ ಕತೆಯಲ್ಲ.

"ಇದೇನೋ ಇದು?"

"ಯಾರ ಗಿಣ್ಣವನ್ನೂ ನಾನು ಬಿಟ್ಟಿ ತಿನ್ನೋನಲ್ಲ ಅಂತ ಹೇಳು."

"ರೀ, ಖಲಾಫ್ ಪ್ರೀತಿಯಿಂದ ಪಾರಿವಾಳ ಕಳಿಸಿದಾನೆ!"

"ಕೇಳಿಸ್ತು," ಅಂದುಬಿಟ್ಟ ಬಿಶಾರಿ. ಅಂದ ಮೇಲೆ ತನ್ನ ತಪ್ಪು ಗೊತ್ತಾಗಿ ಇನ್ನೊಂದು ಕಡೆ ತಿರುಗಿಕೊಂಡ. ಬೆನ್ನು ನಗುವಿಗೆ ಅಲುಗುತ್ತಿದ್ದುದು ಮಾತ್ರ ಶಲಬಿಯಾಳ ಕಣ್ಣಿಗೆ ಬೀಳದೆ ಹೋಗಲಿಲ್ಲ.

ಇಷ್ಟಕ್ಕೇ ಅವಳು ನಿಲ್ಲಿಸಿದ್ದರೆ ಸಂಗತಿ ಇನ್ನೆಷ್ಟು ದಿನ ಹಾಗೇ ಎಳೆಯುತ್ತಿತ್ತೋ. ಆದರೆ ಕೈಯಲ್ಲಿ ಆಟ ಇದ್ದವರಿಗೆ ಇನ್ನೊಂದು ಹೆಜ್ಜೆ ಇಡುವ ಆಸೆ. ಒಂದು ಬೆಳಗ್ಗೆ, ಗಾಳಿ ತಂಪಾಗಿ, ನೀರು ಸಲೀಸಾಗಿ ಏರುತ್ತಾ, ಎಲ್ಲರ ಮನಸ್ಸೂ ಹಗುರಾಗಿದ್ದ ಹೊತ್ತಿನಲ್ಲಿ, ಯಾರೂ ಏನೂ ಹೇಳದೆಯೇ ಅವಳು ಮೇಲಕ್ಕೆ ಕೂಗಿದಳು:

"ರೀ, ಖಲಾಫ್ ಹೇಳ್ತಾನೆ, ಆ ಖರ್ಜೂರದ ಮರದ ವಿಚಾರ ನಾನು ಮರೆತೇಬಿಟ್ಟೆ ಅಂತ."

ಕೆಳಗೆ ಬಾನಿ ದೊಪ್ಪೆಂದು ನೀರಿಗೆ ಬಿತ್ತು.

"ಸುಳ್ಳು!" ಖಲಾಫ್ ಮೊಣಕಾಲುದ್ದ ನೀರಿನಲ್ಲಿ ನಿಂತು ತಲೆಯೆತ್ತಿ ಅರಚಿದ. "ಸುಳ್ಳು, ಭಾವ! ನಾನು ಹಾಗಂದೇ ಇಲ್ಲ! ನಾನು ಮರೆತಿಲ್ಲ, ಸಾಯೋ ತನಕ ಮರೆಯೋದೂ ಇಲ್ಲ!"

ಭಾವ ಎಂದ ಮಾತು ದಂಡೆಗೆ ಬಡಿದು ನಿಂತಿತು. ಮೇಲೆ ಬಿಶಾರಿ ಗಳು ಬಿಟ್ಟು ಅಂಚಿಗೆ ಬಂದ. ನಾಲ್ಕು ವರ್ಷದ ಮೇಲೆ ಇಬ್ಬರೂ ಒಬ್ಬರ ಮುಖವನ್ನೊಬ್ಬರು ನೇರ ನೋಡಿದರು. ನಡುವೆ ಶಲಬಿಯಾ ಗುಂಡಿಯ ಅಂಚಿನ ಮೇಲೆ ಮೆಲ್ಲಗೆ ಕುಳಿತುಬಿಟ್ಟಳು. ಕಲ್ಲು ಎತ್ತಿಕೊಂಡು ಬಡಿದಾಡಿದರೆ ಯಾರ ಕಡೆ ಓಡುವುದೆಂದು ಲೆಕ್ಕ ಹಾಕುತ್ತಿದ್ದಳು.

"ಮರೀಬೇಡ," ಅಂದ ಬಿಶಾರಿ. ಅವನ ಧ್ವನಿಯಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು. "ಆದ್ರೆ ಪೂರ್ತಿ ನೆನಪಿಟ್ಕೊ. ಬುಡದ ಮಣ್ಣು ಕೊಚ್ಚಿಹೋಗಿ ಆ ಮರ ನಿನ್ನ ಮನೆ ಮೇಲೇ ವಾಲಿತ್ತು ಖಲಾಫ್. ಒಳಗೆ ನಿನ್ನ ಹೆಂಡ್ತಿ ಬಾಣಂತಿ. ನಿನ್ನನ್ನ ಕೇಳೋಣ ಅಂದ್ರೆ ನೀನಿದ್ದದ್ದು ನೀರಿನ ಆಚೆ. ನಾನೇನು ಮಾಡ್ಬೇಕಿತ್ತು, ಹೇಳು?"

"ಕಡೀಬೇಕಿತ್ತು. ಕಡೀಬೇಡಿ ಅಂತ ನಾನ್ಯಾವಾಗ ಅಂದೆ?"

"ಮತ್ತೆ?"

ಖಲಾಫ್ ಒದ್ದೆ ಕೈಯಿಂದ ಮುಖ ಒರೆಸಿಕೊಂಡ. "ನಾನು ಬರೋ ತನಕ ಬಿದ್ದಲ್ಲೇ ಬಿಟ್ಟಿರಬೇಕಿತ್ತು. ಅಷ್ಟೇ. ಅವ್ವ ನೆಟ್ಟದ್ದು ಅದು. ಒಂದು ಸಲ ನೋಡ್ಬೇಕಿತ್ತು ನಾನು. ನಿಂತಿದ್ದಾಗ ಆಗದಿದ್ರೆ ಬಿದ್ದಿದ್ದಾಗಲಾದ್ರೂ. ಬಂದು ನೋಡಿದ್ರೆ ಬರೀ ಗುಂಡಿ. ಗುಂಡೀಲಿ ನೀರು ನಿಂತಿತ್ತು."

ಬಿಶಾರಿ ಅಂಚಿನ ಮೇಲೆ ಕುಕ್ಕರುಗಾಲಲ್ಲಿ ಕೂತ.

"ಅದು ನನಗೆ ಹೊಳೀಲಿಲ್ಲ," ಅಂದ. "ನೀರಲ್ಲಿ ನೆಂದು ಕೊಳೀತದೆ, ಯಾರಾದ್ರೂ ಎತ್ಕೊಂಡು ಹೋಗ್ತಾರೆ, ಮಾಡಿಗಾದ್ರೆ ಅತ್ತೆ ನೆಟ್ಟ ಮರ ಮನೇಲೇ ಉಳೀತದೆ ಅಂತ ಯೋಚನೆ ಮಾಡ್ದೆ. ನಿನಗೆ ನೋಡ್ಬೇಕು ಅನ್ನಿಸ್ಬಹುದು ಅಂತ... ಇಲ್ಲ, ಹೊಳೀಲಿಲ್ಲ." ಮತ್ತೆ ತಡೆದು ಹೇಳಿದ: "ನೀನು ಕಳ್ಳ ಅಂದೆ. ನನ್ನ ಮಗಳ ಎದುರಿಗೆ."

"ಅಂದೆ."

"ಅವಳು ಗಂಡನ ಮನೆಗೆ ಹೋಗೋ ಮುಂಚೆ ನನ್ನ ಬಗ್ಗೆ ಕೇಳಿದ ಕೊನೇ ಮಾತು ಅದು."

ಖಲಾಫ್ ನೀರಿನಿಂದ ಮೇಲೆ ಬಂದ. ಮೊದಲ ಮೆಟ್ಟಿಲು ಹತ್ತಿ, ಅಕ್ಕನನ್ನು ದಾಟಿ, ಎರಡನೆಯದನ್ನೂ ಹತ್ತಿ ಭಾವನ ಎದುರಿಗೆ ನಿಂತ. ಅವನ ಅಂಗಿಯಿಂದ ನೀರು ತೊಟ್ಟಿಕ್ಕಿ ಬಿಶಾರಿಯ ಕಾಲ ಮೇಲೆ ಬೀಳುತ್ತಿತ್ತು. ಆಮೇಲೆ ಬಗ್ಗಿ ಭಾವನ ತಲೆಗೆ ಮುತ್ತಿಟ್ಟ, ಅಲ್ಲಿಯ ಜನ ಹಿರಿಯರಿಗೆ ಕೊಡುವ ಹಾಗೆ.

"ಆ ಮಾತು ತಪ್ಪು ಭಾವ. ಕೋಪದಲ್ಲಿ ಬಂತು, ಆಮೇಲೆ ವಾಪಸ್ ತಗೊಳ್ಳೋಕೆ ಬಾಯಿ ಬರ್ಲಿಲ್ಲ."

"ಆಯ್ತು ಆಯ್ತು, ನನ್ನ ಮೈಯೆಲ್ಲ ಒದ್ದೆ ಮಾಡ್ದೆ," ಅಂದ ಬಿಶಾರಿ. "ಮಧ್ಯಾಹ್ನ ಮನೆಗೆ ಬಾ. ನಿನ್ನ ಪಾರಿವಾಳ ಇನ್ನೂ ಕೊಯ್ದಿಲ್ಲ."

ಅಷ್ಟರಲ್ಲಿ ಶಲಬಿಯಾಳಿಗೆ ಅಳು ಬಂದುಬಿಟ್ಟಿತು. ಇಬ್ಬರೂ ಒಟ್ಟಿಗೆ ತಿರುಗಿ, "ಏನಾಯ್ತೇ?" "ಏನಾಯ್ತಕ್ಕ?" ಎಂದರು. ಅವಳು ತಲೆವಸ್ತ್ರದ ತುದಿಯಲ್ಲಿ ಮೂಗು ಒರೆಸಿಕೊಂಡು, "ಏನಿಲ್ಲ, ಹೋಗಿ ನೀರೆತ್ತಿ, ಬಿಸಿಲೇರ್ತಾ ಇದೆ," ಎಂದು ಗದರಿದಳು.

ಮಧ್ಯಾಹ್ನ ಖಲಾಫ್ ಬಂದ. ಬಾಗಿಲಲ್ಲಿ ಒಂದು ಕ್ಷಣ ನಿಂತು, ಬಗ್ಗಿ ಒಳಗೆ ಕಾಲಿಟ್ಟ. ಯಾರೂ ತೋರಿಸಬೇಕಾಗಲಿಲ್ಲ, ಅವನ ಕಣ್ಣು ನೇರ ಮೇಲಕ್ಕೇ ಹೋಯಿತು. ಎರಡು ಸೀಳು ಗೋಡೆಯಿಂದ ಗೋಡೆಗೆ, ಹೊಗೆ ಹಿಡಿದು ಕಪ್ಪಾಗಿ, ಹೊಳೆಯುತ್ತಾ. ಗರಿ ಕಡಿದ ಜಾಗದ ಗಂಟುಗಳು ಇನ್ನೂ ಹಾಗೇ ಇದ್ದವು. ಅವನು ಮಣ್ಣಿನ ಜಗುಲಿಯ ಮೇಲೆ ಹತ್ತಿ ನಿಂತು ಕೈಯೆತ್ತಿ ಒಂದೊಂದು ಗಂಟನ್ನೂ ಸವರಿದ. ಶಲಬಿಯಾ ಒಲೆಯ ಮುಂದೆ ಬೆಂಡೆಕಾಯಿ ಸಾರು ತಿರುವುತ್ತಾ ಬೇಕೆಂದೇ ಆ ಕಡೆ ನೋಡಲಿಲ್ಲ.

ಆಮೇಲೆ ಅವನ ಧ್ವನಿ ಕೇಳಿಸಿತು. "ಭಾವ, ಇದನ್ನ ತಿರುಗುಮುರುಗು ಹಾಕಿದೀರಲ್ಲ. ದಪ್ಪ ಬುಡ ಒಲೆ ಕಡೆ ಇರ್ಬೇಕಿತ್ತು."

"ನಿನಗೇನು ಗೊತ್ತು ಮಾಡು ಹಾಕೋದು?"

"ನಿಮಗಿಂತ ಚೆನ್ನಾಗಿ ಗೊತ್ತು. ನನ್ನ ಮನೆ ಮಾಡು ನೋಡಿದೀರಾ?"

"ಎಲ್ಲಿ ನೋಡೋದು, ಕರೆದ್ರೆ ತಾನೇ!"

ಆ ವಾದ ಪಾರಿವಾಳದ ಎಲುಬು ಚೀಪುವವರೆಗೂ ನಡೆಯಿತು. ಉಂಡಾದ ಮೇಲೆ ಖಲಾಫ್ ಆ ತೊಲೆಗಳ ಕೆಳಗೆ ಜಗುಲಿಯ ಮೇಲೆ ಅಂಗಾತ ಮಲಗಿ, ಮೇಲೆ ನೋಡುತ್ತಾ ನೋಡುತ್ತಾ ನಿದ್ದೆ ಹೋದ. ಬಾಯಿ ತೆರೆದಿತ್ತು. ಬಿಶಾರಿ ನೊಣ ಕೂರದ ಹಾಗೆ ಅವನ ಮುಖದ ಮೇಲೆ ತನ್ನ ವಲ್ಲಿ ಹೊದಿಸಿದ.

ಇನ್ನು ಸುಖವಾಗಿ ಕೆಲಸ ಮಾಡಬಹುದು ಎಂದುಕೊಂಡಿದ್ದಳು ಶಲಬಿಯಾ. ಆದರೆ ಬಾಯಿ ಬಿಟ್ಟ ಗಂಡಸರು ಮುಚ್ಚಲೇ ಇಲ್ಲ. ನಾಲ್ಕು ವರ್ಷ ಕೂಡಿಟ್ಟದ್ದೆಲ್ಲ ಹೊರಬರಬೇಕಿತ್ತಲ್ಲ. ಯಾವ ಹೊಲದಲ್ಲಿ ಯಾವ ಗೊಬ್ಬರ ಹಾಕಬೇಕಿತ್ತು, ಯಾವ ಕತ್ತೆಯನ್ನು ಕೊಳ್ಳಬಾರದಿತ್ತು, ಊರಿನ ಯಾರ ಮದುವೆಯಲ್ಲಿ ಯಾರು ಏನಂದರು, ಎಲ್ಲವೂ ಅವಳ ತಲೆಯ ಮೇಲಿಂದ ಕೆಳಕ್ಕೂ ಮೇಲಕ್ಕೂ ಹಾರುತ್ತಿದ್ದವು. ಖಲಾಫ್ ಹಾಡು ಎತ್ತಿಕೊಂಡರೆ ಬಿಶಾರಿ ಅದಕ್ಕೆ ಬೇರೆ ರಾಗ ಹಚ್ಚುತ್ತಿದ್ದ. ರಾಗ ಸರಿಯೋ ತಪ್ಪೋ ಎಂದು ಮತ್ತೆ ಜಗಳ. ನಡುವೆ ಅವಳ ಮಾತು ಕೇಳುವವರೇ ಇಲ್ಲ.

ನದಿಯ ಬಣ್ಣ ಕದಡಿ ನೀರು ಅಂಗುಲ ಅಂಗುಲ ಏರತೊಡಗಿದ ದಿನಗಳಲ್ಲಿ ಜಾದ್ ಕುಂಟುತ್ತಾ ಹಿಂದಿರುಗಿದ. ಅರ್ಧ ಬೆಳಗು ನಡುವಿನ ಏತ ಎತ್ತಿ, ಬೆವರು ಒರೆಸಿಕೊಳ್ಳಲು ಅವಳ ಹತ್ತಿರ ಬಂದ. ಅವನ ಮುಖದಲ್ಲಿ ಗಾಬರಿ.

"ಅಮ್ಮಾ, ಇವರಿಬ್ಬರಿಗೆ ಏನಾಯ್ತು? ನನಗೆ ದಾಟಿಸೋಕೆ ಒಂದು ಮಾತೂ ಕೊಡ್ತಾ ಇಲ್ಲ."

"ನಿನಗೆ ವಿಶ್ರಾಂತಿ ಅಂತ ತಿಳ್ಕೊ."

"ಎಂಥ ವಿಶ್ರಾಂತಿ ಅಮ್ಮಾ, ಕಿವಿ ತೂತಾಗ್ತಾ ಇದೆ."

ಶಲಬಿಯಾ ನಕ್ಕು ಅವನಿಗೆ ಒಂದು ಲೋಟ ಕರಿ ಚಹಾ ಬಗ್ಗಿಸಿಕೊಟ್ಟಳು. ಆಮೇಲೆ ಸೊಂಟಕ್ಕೆ ಬಿಗಿದಿದ್ದ ಉಡುಪಿನ ಅಂಚನ್ನು ಬಿಚ್ಚಿ ಕೆಳಗಿಳಿಸಿ, ಕಾಲುವೆಯ ಪಕ್ಕದಲ್ಲಿ ಹೊಲದ ಕಡೆ ನಡೆದಳು. ತೋಳು ಹಿತವಾಗಿ ನೋಯುತ್ತಿದ್ದವು. ಜೋಳ ಅವಳ ತಲೆ ಮೀರಿ ಬೆಳೆದಿತ್ತು. ಒಂದೆರಡು ತೆನೆ ಆಗಲೇ ಹೊರಗೆ ಇಣುಕಿದ್ದವು. ಮಡಿಯ ಬಾಯಿಯನ್ನು ಅಂಗಾಲಿನಿಂದ ಒಡೆದು, ನೀರು ಒಳಗೆ ನುಗ್ಗಿ ಬೆರಳ ಸಂದಿಯಲ್ಲಿ ತಣ್ಣಗೆ ಹರಿಯುವಾಗ, ಅವಳು ಅಲ್ಲೇ ನಿಂತು ಎಲೆಗಳ ಸಪ್ಪಳ ಕೇಳಿದಳು.